ಎರಡು ಎಡತೋಳು

"ಕೈ ಇಳಿಸ್ಬೇಡಿ ಮಾಮ. ಇನ್ನೂ ಸ್ವಲ್ಪ ಮೇಲೆ. ಹಾಂ, ಹಾಗೇ ನಿಲ್ಲಿ."

"ಇನ್ನೆಷ್ಟು ಮೇಲೆ? ನನ್ನನ್ನೇನು ಬಟ್ಟೆ ಒಣಹಾಕೋ ಕಂಬ ಅಂದ್ಕೊಂಡಿದೀಯಾ?"

ಬೈದರೂ ಟೈಲರ್ ಮಾಸ್ಟರು ಕೈ ಇಳಿಸಲಿಲ್ಲ. ಬೇರೆ ಯಾರಾದರೂ ಹೀಗೆ ನಿಲ್ಲಿಸಿದ್ದರೆ ಇಷ್ಟು ಹೊತ್ತಿಗೆ ಮೆಟ್ಟಿಲಿಳಿದು ಹೊರಟುಹೋಗುತ್ತಿದ್ದರು. ಆದರೆ ನಿಲ್ಲಿಸಿದವಳು ತಂಗಿಯ ಮಗಳು. ವಯಸ್ಸು ಮೂವತ್ತನಾಲ್ಕು, ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು, ತಲೆಯಲ್ಲಿ ಆಗಲೇ ನಾಲ್ಕಾರು ಬಿಳಿ ಕೂದಲು. ಆದರೂ ಮಾಸ್ಟರಿಗೆ ಅವಳಿನ್ನೂ ಪುಟ್ಟಿಯೇ.

ಕಾಲೇಜಿನ ಮೂರನೇ ಮಹಡಿಯ ಆ ದೊಡ್ಡ ಕೋಣೆಯ ಕಿಟಕಿಗಳನ್ನೆಲ್ಲ ಮುಚ್ಚಿ ಗೋಡೆಗೆ ಕಪ್ಪು ಬಳಿದಿದ್ದರು. ಮಾಸ್ಟರ ಕಣ್ಣಿಗೆ ಕಟ್ಟಿದ್ದು ದಪ್ಪನೆಯ ಕನ್ನಡಕ, ಮೈಗೆ ಹಾಕಿದ್ದು ಬಿಗಿಯಾದ ಜಾಕೆಟ್ಟು, ಜಾಕೆಟ್ಟಿನ ತುಂಬ ಕೋಟಿನ ಗುಂಡಿಯಷ್ಟಗಲದ ಹದಿನಾಲ್ಕು ಸೆನ್ಸರು. ಕನ್ನಡಕದೊಳಗೆ ಗೋಡೆ, ಛಾವಣಿ ಯಾವುದೂ ಇರಲಿಲ್ಲ. ಕತ್ತಲಿನ ನಡುವೆ ಬೆಳಕಿನ ಗೆರೆಗಳ ಒಂದು ಡಬ್ಬಿ ತೇಲುತ್ತಿತ್ತು. ಅದರೊಳಗೆ ಇನ್ನೊಂದು ಚಿಕ್ಕ ಡಬ್ಬಿ. ಕೈ ಆಡಿಸಿದತ್ತ ಅದು ತಿರುಗುತ್ತಿತ್ತು. ಅಲ್ಲಿಯವರೆಗೆ ಸರಿ. ಆದರೆ ಪುಟ್ಟಿಯ ಪ್ರಕಾರ ಎಡ ಬಲ, ಮೇಲೆ ಕೆಳಗೆ, ಹಿಂದೆ ಮುಂದೆ ಅಲ್ಲದೆ ಇನ್ನೊಂದು ದಿಕ್ಕಿದೆ. ಎರಡೂ ಹೆಗಲನ್ನು ಹಿಂದಕ್ಕೆಳೆದು ಎದೆ ಅಗಲಿಸಿ ನಿಂತರೆ ಡಬ್ಬಿ ಆ ದಿಕ್ಕಿಗೂ ತಿರುಗುತ್ತದಂತೆ.

"ಆ ನಾಲ್ಕನೇ ದಿಕ್ಕು ಎಲ್ಲಿದೆ? ಕೈ ಮಾಡಿ ತೋರಿಸು ನೋಡೋಣ."

"ಕೈ ಮಾಡಿ ತೋರಿಸೋಕೆ ಆಗಲ್ಲ ಮಾಮ. ಅದಕ್ಕೇ ಈ ಕೋಣೆ ಮಾಡಿರೋದು."

"ಒಳ್ಳೆ ಕಥೆ!"

ಮಾಸ್ಟರು ಹೆಗಲೆಳೆದರು. ನಲವತ್ತೊಂದು ವರ್ಷ ಕತ್ತರಿ ಹಿಡಿದು ಮೇಜಿನ ಮೇಲೆ ಬಗ್ಗಿ ಬಗ್ಗಿ ಮುಂದಕ್ಕೆ ಕುಸಿದ ಹೆಗಲು, ಕೇಳಿದ ತಕ್ಷಣ ಹಿಂದೆ ಹೋದೀತೇ? ಎಲುಬು ಲಟಕ್ಕೆಂದಿತು. ಡಬ್ಬಿ ಒಮ್ಮೆ ನಡುಗಿತು, ಒಳಗಿನದು ಇನ್ನೇನು ಹೊರಗೆ ಬರುತ್ತದೆ ಅನ್ನುವಂತೆ ಮಾಡಿ, ಮತ್ತೆ ತನ್ನ ಜಾಗದಲ್ಲೇ ಕೂತಿತು.

"ನೋಡಿದ್ರಾ? ಯಾರು ನಿಂತ್ರೂ ಹೀಗೇ ಆಗ್ತಿದೆ," ಪುಟ್ಟಿಯ ದನಿ ಸೋತಿತ್ತು. "ಇನ್ನು ಹದಿನೈದು ದಿನಕ್ಕೆ ಜನರಿಗೆ ಈ ಕೋಣೆ ಬಾಗಿಲು ತೆಗೀಬೇಕು. ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಅಂತ ಹುಡುಕಿ ಹುಡುಕಿ ತಲೆ ಕೆಟ್ಟುಹೋಗಿದೆ."

ಮಾಸ್ಟರು ಕನ್ನಡಕ ಕಿತ್ತು ಅವಳ ಕೈಗೆ ಕೊಟ್ಟರು. ಜಾಕೆಟ್ಟಿನ ಕಂಕುಳಿಗೆ ಬೆರಳಿಟ್ಟು ಎಳೆದು ನೋಡಿದರು.

"ನಿನ್ನ ಲೆಕ್ಕ ಸರಿಯಾಗೇ ಇರ್ಬೇಕು. ಕಂಕುಳು ತಪ್ಪಿದೆ. ಎಷ್ಟು ಕೆಳಗೆ ಇಳಿಸಿ ಕತ್ತರಿಸಿದಾನೆ ನೋಡು ಆ ಪುಣ್ಯಾತ್ಮ! ಕೈ ಎತ್ತಿದ್ರೆ ಇಡೀ ಜಾಕೆಟ್ಟೇ ಮೇಲೆ ಬರುತ್ತೆ. ಬೆನ್ನ ಮೇಲಿರೋ ಗುಂಡಿಗಳು ಬಂದು ಕತ್ತಿನ ಮೇಲೆ ಕೂರುತ್ತೆ. ಅಲ್ಲಿ ಕೂತ್ರೆ ಹೆಗಲಿನ ಸುದ್ದಿ ಅವಕ್ಕೆ ಹೇಗೆ ಗೊತ್ತಾಗ್ಬೇಕು?"

ಪುಟ್ಟಿ ಬಾಯಿಬಿಟ್ಟುಕೊಂಡು ನೋಡಿದಳು. ಎಂಟು ತಿಂಗಳು ಕಂಪ್ಯೂಟರಿನೊಳಗೆ ಹುಡುಕಿದ್ದ ತಪ್ಪು ಮಾವನ ಕಂಕುಳಲ್ಲಿತ್ತು.

"ಕಂಕುಳು ಮೇಲಕ್ಕೆತ್ತಿ, ಅಡಿಗೊಂದು ಚೌಕದ ತುಂಡು ಕೂರಿಸಿ ಹೊಲಿದುಕೊಡ್ತೀನಿ. ಜಗ್ಗೋ ಬಟ್ಟೆ ತರಿಸು."

"ಹನ್ನೆರಡು ಬೇಕು ಮಾಮ. ನೀವು, ಹಾಸಕ್ಕ ಇಬ್ಬರೂ ಸೇರಿದ್ರೆ ಎಷ್ಟು ದಿನದ ಕೆಲಸ? ಹೇಗಿದಾರೆ ಹಾಸಕ್ಕ?"

"ಅವಳಿಗೇನು, ಚೆನ್ನಾಗಿದಾಳೆ," ಅಂದು ಮಾಸ್ಟರು ಜಾಕೆಟ್ಟಿನ ಜಿಪ್ಪು ಎಳೆಯತೊಡಗಿದರು. ಅದು ಸಿಕ್ಕಿಹಾಕಿಕೊಂಡಿತು. ಬಿಡಿಸುವಷ್ಟು ಹೊತ್ತೂ ಅವರು ತಲೆ ಎತ್ತಲಿಲ್ಲ.

ಹಾಸಕ್ಕ ಚೆನ್ನಾಗಿದ್ದಾಳೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ಅವಳನ್ನು ನೋಡಿ ಒಂದು ತಿಂಗಳ ಮೇಲಾಗಿತ್ತು.

ಅಂಗಡಿಯಲ್ಲಿ ಬಟ್ಟೆ ಹಾಸುವವಳು, ಹಾಗಾಗಿ ಹಾಸಕ್ಕ. ಇಪ್ಪತ್ತೇಳು ವರ್ಷದಲ್ಲಿ ಅವಳ ಸ್ವಂತ ಹೆಸರು ಎಲ್ಲರಿಗೂ ಮರೆತೇಹೋಗಿತ್ತು. ಥಾನು ಬಿಚ್ಚಿ ಮೇಜಿನ ಮೇಲೆ ಸುಕ್ಕಿಲ್ಲದಂತೆ ಹಾಸುವುದು, ಕಾಗದದ ಅಚ್ಚನ್ನು ಅದರ ಮೇಲಿಟ್ಟು ಸುತ್ತ ಗೆರೆ ಎಳೆಯುವುದು, ಆಮೇಲೆ ಅಚ್ಚನ್ನು ಮಗುಚಿಟ್ಟು ಇನ್ನೊಮ್ಮೆ ಎಳೆಯುವುದು ಅವಳ ಕೆಲಸ. ಕತ್ತರಿ ಹಾಕುವುದು ಮಾಸ್ಟರ ಕೆಲಸ. ತೋಳಿಗೆ ಅಚ್ಚು ಇರುವುದು ಒಂದೇ. ಹಾಗೇ ಇಟ್ಟು ಎಳೆದರೆ ಎಡತೋಳು, ಮಗುಚಿ ಎಳೆದರೆ ಬಲತೋಳು. ಹೊಲಿಗೆ ಕಲಿಯಲು ಬಂದವರಿಗೆ ಮೊದಲ ವಾರವೇ ಹೇಳಿಕೊಡುವ ಪಾಠ ಅದು.

ತಿಂಗಳ ಹಿಂದೆ ಒಂದು ದಿನ ಮೇಜಿನ ಮೇಲಿದ್ದದ್ದು ಗಾಢ ನೇರಳೆ ಬಣ್ಣದ ಮಖಮಲ್ಲು. ಶಾಲೆಯೊಂದರ ನಿವೃತ್ತ ಹೆಡ್‌ಮೇಡಂ ಕೋಟು ಹೊಲಿಸಲು ತಂದುಕೊಟ್ಟದ್ದು. ಆಕೆಯ ತಾಯಿ ಯಾವ ಕಾಲದಲ್ಲೋ ಆಸೆಪಟ್ಟು ಕೊಂಡು, ಹೊಲಿಸಿಕೊಳ್ಳದೆ, ಪೆಟ್ಟಿಗೆಯಲ್ಲೇ ಇಟ್ಟು ಹೋಗಿದ್ದ ಬಟ್ಟೆ. ಕೋಟೊಂದಕ್ಕೆ ಸರಿಯಾಗಿ ಸಾಲುತ್ತಿತ್ತು, ಮೇಲೆ ಒಂದು ಗೇಣೂ ಉಳಿಯುತ್ತಿರಲಿಲ್ಲ. ಅದೇ ಬಣ್ಣದ ದಾರ ಹುಡುಕಿ ತಾ ಅಂತ ಹಾಸಕ್ಕನನ್ನು ಹೊರಗೆ ಕಳಿಸಿದವರು ಮಾಸ್ಟರೇ. ಅವಳು ಬರುವತನಕ ಕಾಯುವ ತಾಳ್ಮೆ ಇಲ್ಲದೆ ತಾವೇ ಹಾಸಿದರು, ತಾವೇ ಅಚ್ಚಿಟ್ಟು ಗೆರೆ ಎಳೆದರು, ಅಚ್ಚನ್ನು ಪಕ್ಕಕ್ಕೆ ಜರುಗಿಸಿ ಮತ್ತೊಮ್ಮೆ ಎಳೆದರು. ಮಗುಚಲಿಲ್ಲ. ಯಾಕೆ ಅಂದರೆ ಅವರಿಗೂ ಗೊತ್ತಿಲ್ಲ. ಮನಸ್ಸು ಎಲ್ಲೋ ಇತ್ತು, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು.

ಮಾರನೇ ದಿನ ಹೆಡ್‌ಮೇಡಂ ಟ್ರಯಲ್‌ಗೆ ಬಂದು ನಿಂತಾಗ ಬಲಗಡೆಯ ತೋಳು ಏನು ಮಾಡಿದರೂ ಕೂರಲಿಲ್ಲ. ಹೇಗೆ ಕೂತೀತು? ಎರಡೂ ಎಡತೋಳು! ಒಳಮುಖ ಹೊರಗೆ ಮಾಡಿದರೆ ಆಕಾರವೇನೋ ಹೊಂದುತ್ತಿತ್ತು, ಆದರೆ ಮಖಮಲ್ಲಿಗೆ ಇರುವುದು ಒಂದೇ ಮುಖ. ಆಕೆ ಬೈಯಲಿಲ್ಲ. ಬಟ್ಟೆಯನ್ನೊಮ್ಮೆ ಸವರಿ, ಕುರ್ಚಿಯಲ್ಲಿ ಕೂತುಬಿಟ್ಟರು. ಅದನ್ನು ನೋಡಲಾಗದೆ ಅಂಗಡಿಯ ಯಜಮಾನ ಕೂಗಾಡಿದ: "ಯಾರ್ರೀ ಇದನ್ನ ಹಾಸಿದ್ದು?"

ಇಡೀ ಅಂಗಡಿ ಕೇಳಿಸಿಕೊಳ್ಳುತ್ತಿತ್ತು.

"ಹಾಸೋ ಕೆಲಸ ಯಾರದ್ದು ಅಂತ ನಿಮಗೇ ಗೊತ್ತಲ್ಲ," ಅಂದರು ಮಾಸ್ಟರು.

ನಾನೇನೂ ಸುಳ್ಳು ಹೇಳಲಿಲ್ಲ ಅಂತ ಆಮೇಲೆ ನೂರು ಸಲ ತಮಗೆ ತಾವೇ ಹೇಳಿಕೊಂಡಿದ್ದಾರೆ. ಹೌದಪ್ಪ, ಆ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಭೂತಗನ್ನಡಿ ಹಿಡಿದರೂ ಸಿಗುವುದಿಲ್ಲ. ಹಾಸಕ್ಕ ಅವರ ಮುಖವನ್ನೊಮ್ಮೆ ನೋಡಿದಳು. ಯಜಮಾನನ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡಳು. ನಾಳೆಯಿಂದ ಬರಬೇಡ ಅಂದಾಗ ಸರಿ ಅಂದು ಎದ್ದು ಹೋದಳು.

ಅವಳ ಜಾಗಕ್ಕೆ ಬೇರೆ ಯಾರೂ ಬರಲಿಲ್ಲ. ಮಾಸ್ಟರು ಈಗ ತಾವೇ ಹಾಸುತ್ತಾರೆ, ತಾವೇ ಮಗುಚುತ್ತಾರೆ. ನಾಲ್ಕು ನಾಲ್ಕು ಸಲ ನೋಡಿ ಕತ್ತರಿ ಹಾಕುತ್ತಾರೆ, ಹಾಕಿದ ಮೇಲೆ ಐದನೇ ಸಲ ನೋಡುತ್ತಾರೆ.

ಹೊಸ ಜಾಕೆಟ್ಟಿನಲ್ಲಿ ಮೊದಲನೆಯದು ವಾರದೊಳಗೆ ಮುಗಿಯಿತು. ಅದನ್ನು ಹಿಡಿದುಕೊಂಡು ಮಾಸ್ಟರು ಮೂರನೇ ಮಹಡಿ ಹತ್ತಿ ಹೋದಾಗ ಪುಟ್ಟಿ ಬಾಗಿಲಲ್ಲೇ ಕಾದಿದ್ದಳು.

"ಡಬ್ಬಿ ತೋರಿಸಿದ್ದಕ್ಕೆ ಒಳ್ಳೆ ಕಥೆ ಅಂತ ಬೈದಿರಲ್ಲ, ಅದಕ್ಕೇ ನಿಮಗೋಸ್ಕರ ಬೇರೆ ಮಾಡಿದೀನಿ. ಮೊದಲು ಇಲ್ಲಿ ಬನ್ನಿ, ಇದನ್ನ ನೋಡಿ."

ಮೇಜಿನ ಮೇಲೆ ಹಳೇ ಪತ್ರಿಕೆಯಲ್ಲಿ ಕತ್ತರಿಸಿದ ಒಂದು ತೋಳಿನ ಅಚ್ಚಿತ್ತು. ಕತ್ತರಿಸಿದ ರೀತಿ ನೋಡಿ ಮಾಸ್ಟರಿಗೆ ಮೈ ಉರಿಯಿತು, ಆದರೆ ಎಡತೋಳು ಅನ್ನುವುದು ಗೊತ್ತಾಗುತ್ತಿತ್ತು.

"ಇದನ್ನ ಬಲತೋಳು ಮಾಡಿ. ಒಂದೇ ಷರತ್ತು. ಮೇಜಿನಿಂದ ಮೇಲೆ ಎತ್ತೋ ಹಾಗಿಲ್ಲ. ಜಾರಿಸಿ, ತಿರುಗಿಸಿ, ಏನು ಬೇಕಾದ್ರೂ ಮಾಡಿ."

"ಎತ್ತಿ ಮಗುಚದೆ ಹೇಗಮ್ಮ ಆಗುತ್ತೆ?"

"ಆಗಲ್ಲ ಅಲ್ವಾ? ಮೇಜಿನಿಂದ ಮೇಲಕ್ಕೆ ಜಾಗ ಇರೋದ್ರಿಂದ ಕಾಗದ ಮಗುಚ್ತೀರಿ. ಆ ಜಾಗವೇ ಇಲ್ದೆ, ಇಡೀ ಪ್ರಪಂಚ ಈ ಮೇಜಿನಷ್ಟು ಚಪ್ಪಟೆ ಆಗಿದ್ದಿದ್ರೆ, ಸಾವಿರ ವರ್ಷ ತಿರುಗಿಸಿದ್ರೂ ಎಡ ಎಡವೇ. ಹೊಲಿದ ತೋಳಿಗೂ ಅದೇ ಕಷ್ಟ ಮಾಮ. ಅದನ್ನ ಮಗುಚೋಕೆ ಇನ್ನೊಂದು ಕಡೆ ಜಾಗ ಬೇಕು. ಆ ಜಾಗಾನೇ ನಾನು ಒಳಗೆ ಕಟ್ಟಿರೋದು."

ಮಾಸ್ಟರು ಕಾಗದದ ತೋಳನ್ನು ಮೇಜಿನ ಮೇಲೆ ಒಮ್ಮೆ ಜಾರಿಸಿ ನೋಡಿದರು. ಮಗುಚೋದು, ಮಗುಚೋದು ಅಂತ ಇವಳು ಬೇಕೆಂದೇ ಅನ್ನುತ್ತಿದ್ದಾಳೋ ಹೇಗೆ ಅಂತ ಒಂದು ಕ್ಷಣ ಅನುಮಾನ ಬಂತು. ಪುಟ್ಟಿಯ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ಶಾಲೆಯಲ್ಲಿ ಬಹುಮಾನ ಬಂದ ದಿನ ಅಂಗಡಿಗೆ ಓಡಿಬರುತ್ತಿದ್ದಳಲ್ಲ, ಅದೇ ಮುಖ.

ಜಾಕೆಟ್ಟು ಹಾಕಿ ಕನ್ನಡಕ ಕಟ್ಟಿಕೊಂಡರು. ಕತ್ತಲಲ್ಲಿ ಒಂದು ತೋಳು ತೇಲುತ್ತಿತ್ತು. ಹೊರಗೆ ನೀಲಿ ಬಟ್ಟೆ, ಒಳಗೆ ಹಳದಿ ಲೈನಿಂಗು; ಮೊಣಕೈ ಹತ್ತಿರ ಬಾಗು, ಮಣಿಕಟ್ಟಿಗೆ ಮೂರು ಗುಂಡಿ. ಅಪ್ಪಟ ಎಡತೋಳು. ಮಾಸ್ಟರು ಉಸಿರು ಬಿಗಿಹಿಡಿದು ಹೆಗಲನ್ನು ಹಿಂದಕ್ಕೆಳೆದರು. ಈ ಸಲ ಜಾಕೆಟ್ಟು ಕದಲಲಿಲ್ಲ, ಬೆನ್ನಿಗೆ ಅಂಟಿಕೊಂಡೇ ಇತ್ತು. ತೋಳು ಮೆಲ್ಲಗೆ ಸಣ್ಣಗಾಗತೊಡಗಿತು. ಅಗಲವನ್ನೆಲ್ಲ ಯಾರೋ ಆಚೆಯಿಂದ ಎಳೆದುಕೊಂಡಂತೆ ತೆಳ್ಳಗಾಗಿ, ಇಸ್ತ್ರಿ ಹಾಕಿದ ಹಾಗೆ ಚಪ್ಪಟೆಯಾಯಿತು, ಮತ್ತೆ ಉಬ್ಬಿತು. ಮೊಣಕೈಯ ಬಾಗು ಈಗ ಇನ್ನೊಂದು ಕಡೆಗಿತ್ತು. ಬಲತೋಳು.

"ಮೋಸ!" ಮಾಸ್ಟರು ಕೂಗಿದರು. "ಒಳಮುಖ ಹೊರಗೆ ಮಾಡಿದೀಯ!"

"ಮಾಡಿದ್ರೆ ಹಳದಿ ಹೊರಗೆ ಬರ್ಬೇಕಿತ್ತಲ್ಲ? ಒಳಗೆ ಬಗ್ಗಿ ನೋಡಿ."

ಬಗ್ಗಿ ನೋಡಿದರು. ಲೈನಿಂಗು ಒಳಗೇ ಇತ್ತು. ಹೊಲಿಗೆ ಬಿಚ್ಚಿರಲಿಲ್ಲ, ಬಟ್ಟೆ ಹರಿದಿರಲಿಲ್ಲ. ತೋಳು ಏನೂ ಆಗದ ಹಾಗೆ, ಹುಟ್ಟಿದಾಗಿನಿಂದ ಬಲತೋಳೇ ಆಗಿದ್ದ ಹಾಗೆ ನಿಂತಿತ್ತು. ಮಾಸ್ಟರು ಮತ್ತೆ ಹೆಗಲೆಳೆದರು. ಎಡ. ಮತ್ತೆ. ಬಲ. ಬೆನ್ನು ನೋಯುತ್ತಿದ್ದರೂ ಬಿಡದೆ ಹತ್ತು ಸಲವೋ ಹನ್ನೆರಡು ಸಲವೋ ತಿರುಗಿಸಿದರು. ಆ ನೀಲಿ ಅವರಿಗೆ ನೇರಳೆಯಾಗಿ ಕಾಣತೊಡಗಿತ್ತು.

"ಪುಟ್ಟಿ, ಇದನ್ನ ಹೊರಗೆ ತರೋಕೆ ಬರುತ್ತಾ?"

"ಯಾವುದನ್ನ?"

"ಹೀಗೆ ತಿರುಗಿದ್ದನ್ನ."

ಪುಟ್ಟಿ ನಕ್ಕಳು. "ಎಲ್ಲಿ ಬರುತ್ತೆ ಮಾಮ? ಹೊರಗೆ ಆ ದಿಕ್ಕಿಲ್ಲ. ಹೊರಗೆ ಕತ್ತರಿಸಿದ್ದು ಕತ್ತರಿಸಿದ್ದೇ." ಆಮೇಲೆ ಜಾಕೆಟ್ಟಿನ ಜಿಪ್ಪು ಬಿಚ್ಚಿಕೊಡುತ್ತ ಅಂದಳು, "ಇದು ನನ್ನ ತಲೆಗೆ ಹೊಕ್ಕಿದ್ದು ಎಲ್ಲಿ ಗೊತ್ತಾ? ನಿಮ್ಮ ಅಂಗಡೀಲಿ. ಚಿಕ್ಕವಳಿದ್ದಾಗ ಮೇಜಿನ ಪಕ್ಕ ನಿಂತ್ಕೊಂಡಿರ್ತಿದ್ನಲ್ಲ, ಹಾಸಕ್ಕ ಅಚ್ಚು ಮಗುಚಿ, 'ನೋಡು ಪುಟ್ಟಿ, ಎಡ ಹೋಯ್ತು ಬಲ ಬಂತು' ಅಂತಿದ್ರು. ಎಲ್ಲಿಗೆ ಹೋಯ್ತು ಅಂತ ನಾನು ಮೇಜಿನ ಕೆಳಗೆ ಹುಡುಕ್ತಿದ್ದೆ. ಬಾಗಿಲು ತೆಗೆಯೋ ದಿನ ಎಲ್ಲರಿಗಿಂತ ಮೊದಲು ತಿರುಗಿಸೋದು ಹಾಸಕ್ಕನೇ. ನೀವೇ ಕರ್ಕೊಂಡು ಬರ್ಬೇಕು, ನೆವ ಹೇಳೋ ಹಾಗಿಲ್ಲ. ಅಯ್ಯೋ, ಯಾಕೆ ಮಾಮ, ಕಣ್ಣಲ್ಲಿ ನೀರು?"

ಮಾಸ್ಟರು ಕಣ್ಣೊರೆಸಿಕೊಂಡರು.

"ಕನ್ನಡಕಾನೇ ಇರ್ಬೇಕು. ಮೊದಮೊದಲು ಎಲ್ಲರಿಗೂ ಕಣ್ಣು ಉರಿಯುತ್ತೆ," ಅಂದಳು ಪುಟ್ಟಿ.

"ಹೂಂ. ಉರಿ," ಅಂದರು ಮಾಸ್ಟರು. ಹೇಳಬಹುದಾಗಿದ್ದ ಮಾತನ್ನು ಈ ಸಲವೂ ಹೇಳದೆ ಮೆಟ್ಟಿಲಿಳಿದರು.

ಮಾರನೇ ಬೆಳಿಗ್ಗೆ ಅಂಗಡಿಗೆ ಹೋದವರೇ ಯಜಮಾನನ ಕೋಣೆಗೆ ನುಗ್ಗಿ ಬಾಗಿಲು ಮುಂದೆ ಮಾಡಿದರು. ಅವತ್ತು ಮಖಮಲ್ಲು ಹಾಸಿದ್ದು ನಾನೇ, ಹಾಸಕ್ಕ ಅಂಗಡಿಯಲ್ಲೇ ಇರಲಿಲ್ಲ ಅಂತ ಒಂದೇ ಉಸಿರಿಗೆ ಹೇಳಿದರು.

ಯಜಮಾನ ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡುತ್ತ ಕೂತ.

"ಮಾಸ್ಟ್ರೇ, ಅದು ಮುಗಿದ ವಿಷಯ. ಈಗ ಕೆದಕಿ ಯಾರಿಗೇನು ಬರ್ಬೇಕು? ಬೋರ್ಡಿನ ಮೇಲೆ ನಮ್ಮ ಹೆಸರಿದ್ರೂ ಜನ ಬರೋದು ನಿಮ್ಮ ಕತ್ತರಿ ನಂಬಿ. ಅದೇ ತಪ್ಪಿತು ಅಂತ ಗೊತ್ತಾದ್ರೆ ನಾಳೆ ಯಾರು ಬಟ್ಟೆ ತರ್ತಾರೆ? ಸುಮ್ನಿರಿ. ಹಾಸಕ್ಕ ಇಲ್ದೆ ಕೈ ಕಟ್ಟಿದ ಹಾಗಾಗಿದೆ ಅಂದ್ರೆ ಕರೀರಿ, ಬರ್ಲಿ. ನಾನು ಕ್ಷಮಿಸಿದೀನಿ ಅಂತ ಹೇಳಿ, ಅಷ್ಟೇ."

ಮಾಸ್ಟರಿಗೆ ಎಷ್ಟು ಹಗುರವಾಯಿತೆಂದರೆ, ಆ ಕೊನೆಯ ಮಾತಿನ ಅರ್ಥ ಅವರಿಗೆ 
ಹೊಳೆಯಲೇ ಇಲ್ಲ. ಬರ್ಲಿ ಅಂದನಲ್ಲ, ಸಾಕು. ಅಲ್ಲಿಂದ ನೇರ ಹಾಸಕ್ಕನನ್ನು ಹುಡುಕಿಕೊಂಡು ಹೊರಟರು.

ಎರಡು ಬೀದಿ ಆಚೆ ಒಂದು ಲಾಂಡ್ರಿಯಲ್ಲಿ ಅವಳು ಇಸ್ತ್ರಿ ಮಾಡುತ್ತಿದ್ದಳು. ಹಿಂದುಗಡೆ ಉದ್ದನೆಯ ಮೇಜು, ಗೋಡೆಗೆ ತಾಗಿದಂತೆ ಒಗೆದ ಅಂಗಿಗಳ ರಾಶಿ. ಮಾಸ್ಟರನ್ನು ಕಂಡು ಅವಳು ಆಶ್ಚರ್ಯಪಡಲಿಲ್ಲ.

"ಬನ್ನಿ ಮಾಸ್ಟ್ರೇ. ಸ್ಟೂಲು ಎಳ್ಕೊಳ್ಳಿ," ಅಂದು ಅಂಗಿಯೊಂದಕ್ಕೆ ನೀರು ಚಿಮುಕಿಸಿದಳು.

"ಕೂರೋಕೆ ಬಂದಿಲ್ಲ. ನಡಿ ಹಾಸಕ್ಕ, ಅಂಗಡಿಗೆ ಹೋಗೋಣ. ಯಜಮಾನ್ರು ಬರ್ಲಿ ಅಂದಿದಾರೆ. ಕ್ಷಮಿಸಿದೀನಿ ಅಂತ ಹೇಳಿ ಅಂದ್ರು."

ಹಾಸಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಯಾರನ್ನ?"

ತಾವು ಹೊತ್ತು ತಂದ ಮಾತು ಏನೆಂದು ಆಗಲೇ ಮಾಸ್ಟರಿಗೆ ತಿಳಿದದ್ದು.

"ಹಾಗಲ್ಲ... ನಾನು ಅವರಿಗೆ ಹೇಳ್ದೆ. ಹಾಸಿದ್ದು ನಾನೇ ಅಂತ. ಇವತ್ತು ಬೆಳಿಗ್ಗೆ."

"ಹೇಳಿದ್ರಾ? ಯಾರ್ಯಾರಿದ್ರು?"

"ಅವರೊಬ್ಬರೇ. ಒಳಗಿನ ಕೋಣೇಲಿ."

"ಅವತ್ತು ಎಲ್ಲರೂ ಇದ್ರು ಮಾಸ್ಟ್ರೇ."

ಮಾಸ್ಟರು ಮೇಜಿನ ಹತ್ತಿರ ಬಂದರು. "ತಪ್ಪಾಯ್ತು ಹಾಸಕ್ಕ," ಅಂದರು. "ದೊಡ್ಡ ತಪ್ಪಾಯ್ತು. ಆದ್ರೆ ನೀನಾದ್ರೂ ಒಂದು ಮಾತು ಯಾಕೆ ಆಡ್ಲಿಲ್ಲ? ದಾರ ತರೋಕೆ ಹೋಗಿದ್ದೆ ಅಂದಿದ್ರೆ ಸಾಕಿತ್ತಲ್ಲ?"

"ನೀವು ಹೇಳ್ತೀರಿ ಅಂದ್ಕೊಂಡಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. "ಬಾಗಿಲ ಹತ್ರ ಚಪ್ಪಲಿ ಹಾಕ್ಕೊಳ್ಳೋಕೆ ಎಷ್ಟು ಹೊತ್ತು ಮಾಡ್ದೆ ಗೊತ್ತಾ? ಬೀದಿ ಕೊನೆ ತನಕ ನಿಧಾನವಾಗೇ ನಡೆದೆ. ಕೂಗಿದ್ರೆ ಕೇಳಿಸ್ಲಿ ಅಂತ."

ಮಾಸ್ಟರು ಅಂಗಿಗಳ ರಾಶಿಯನ್ನೇ ನೋಡುತ್ತ ನಿಂತರು. ನಲವತ್ತೊಂದು ವರ್ಷದಲ್ಲಿ ಇಂಥ ನಾಚಿಕೆ ಅವರಿಗೆ ಆಗಿರಲಿಲ್ಲ.

"ಪುಟ್ಟಿ ಕೇಳ್ತಿದ್ಲು ನಿನ್ನ," ಅಂದರು ಕೊನೆಗೆ. "ಏನೋ ಮಾಡಿದಾಳೆ. ಮೊದಲು ನೀನೇ ತಿರುಗಿಸ್ಬೇಕಂತೆ."

"ಪುಟ್ಟಿ ಕರೆದ್ರೆ ಬರ್ದೆ ಇರ್ತೀನಾ? ಆ ಹುಡುಗಿ ಮನೆಗೆ ಬಂದು ಕರೀಲಿ, ಬರ್ತೀನಿ. ಅಂಗಡಿ ಮಾತು ಬೇರೆ." ಅವಳು ಇಸ್ತ್ರಿಪೆಟ್ಟಿಗೆಯನ್ನು ಮತ್ತೆ ಹಿಡಿದುಕೊಂಡಳು. "ನನಗೆ ಗೊತ್ತಿರೋದನ್ನ ನನಗೇ ಹೇಳೋಕೆ ಇಷ್ಟು ದೂರ ಬಂದ್ರಾ ಮಾಸ್ಟ್ರೇ? ಹೋಗಿ, ಕೆಲಸ ಇದೆ ನನಗೆ."

ಅವರು ಅಂಗಡಿಗೆ ವಾಪಸಾದಾಗ ಮಧ್ಯಾಹ್ನ. ಎಲ್ಲ ಮಷಿನ್ನುಗಳೂ ಓಡುತ್ತಿದ್ದವು. ಕೌಂಟರಿನಲ್ಲಿ ಯಜಮಾನ ಯಾರೋ ಗಿರಾಕಿಗೆ ಸೂಟಿನ ಬಟ್ಟೆ ಬಿಚ್ಚಿ ತೋರಿಸುತ್ತಿದ್ದ. ಮಾಸ್ಟರು ತಮ್ಮ ಮೇಜಿನ ಹತ್ತಿರ ಹೋಗಲಿಲ್ಲ. ಮಷಿನ್ನುಗಳ ಸಾಲಿನ ನಡುವೆ ಬಂದು ನಿಂತರು.

"ಸ್ವಲ್ಪ ನಿಲ್ಸಿ," ಅಂದರು. ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. "ಸ್ವಲ್ಪ ನಿಲ್ಸ್ರಪ್ಪಾ!"

ಒಂದೊಂದಾಗಿ ಮಷಿನ್ನುಗಳು ನಿಂತವು. ಯಜಮಾನ ಕೌಂಟರಿನಿಂದಲೇ ಕಣ್ಣು ಕಿಸಿದು ಬೇಡ ಬೇಡ ಅಂತ ತಲೆಯಾಡಿಸಿದ. ಗಿರಾಕಿ ಬಟ್ಟೆಯ ತುದಿ ಹಿಡಿದುಕೊಂಡು ತಿರುಗಿ ನೋಡಿದ.

"ಅವತ್ತು ಆ ಮಖಮಲ್ಲು ಹಾಸಿದ್ದು ನಾನು. ಅಚ್ಚು ಮಗುಚೋದು ಮರೆತಿದ್ದು ನಾನು. ಹಾಸಕ್ಕ ಅಂಗಡೀಲೇ ಇರ್ಲಿಲ್ಲ. ಎಲ್ಲರ ಎದುರಿಗೆ ಅವಳ ಮೇಲೆ ಹಾಕ್ದೆ. ಅದಕ್ಕೇ ಎಲ್ಲರ ಎದುರಿಗೆ ಹೇಳ್ತಿದೀನಿ."

ಅಯ್ಯೋ ಮಾಸ್ಟ್ರೇ ಅಂತಲೋ, ಹೀಗಾ ಮಾಡೋದು ಅಂತಲೋ ಯಾರಾದರೂ ಅಂದಾರು ಅಂತ ಅವರು ಕಾದರು. ಮೂಲೆಯಲ್ಲಿ ಕೂತು ಗುಂಡಿಗಳಿಗೆ ಕಾಜಾ ಹೊಲಿಯುವ ಮುದುಕ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

"ಗೊತ್ತಿತ್ತು ಮಾಸ್ಟ್ರೇ," ಅಂದ, ತಲೆ ಎತ್ತದೆ. "ದಾರ ತಗೊಂಡು ಅವಳು ಬರೋ ಹೊತ್ತಿಗೆ ನೀವು ಕತ್ತರಿಸಿ ಆಗಿತ್ತು. ನಾವೆಲ್ಲ ನೋಡಿದ್ವಿ."

ಮಾಸ್ಟರು ಸಾಲಿನ ಉದ್ದಕ್ಕೂ ಒಬ್ಬೊಬ್ಬರ ಮುಖ ನೋಡಿದರು. ಒಬ್ಬಳು ಬಾಬಿನ್ ತೆಗೆದು ಮತ್ತೆ ಅಲ್ಲೇ ಹಾಕಿದಳು. ಇನ್ನೊಬ್ಬ ಮಡಿಲಲ್ಲಿದ್ದ ಬಟ್ಟೆಯ ಮೇಲಿನ ದಾರದ ಚೂರುಗಳನ್ನು ಹೆಕ್ಕುತ್ತಿದ್ದ. ಅತ್ತ ತುದಿಯ ಮಷಿನ್ನಿನ ಚಕ್ರವೊಂದು, ಪೆಡಲಿನಿಂದ ಕಾಲು ತೆಗೆದ ಮೇಲೂ, ಎರಡು ಸುತ್ತು ತಾನಾಗಿಯೇ ತಿರುಗಿ ನಿಂತಿತು. ಯಾರೂ ಮತ್ತೆ ಕಾಲಿಡಲಿಲ್ಲ.